ಕಪಾಟಿನ ನರಸಿಂಹರು

ಪುಸ್ತಕ ಜೋಡಿಸುವುದಕ್ಕೆ ಗ್ರಂಥಾಲಯ ಶಾಸ್ತ್ರದವರು ಹತ್ತಾರು ಕ್ರಮ ಹೇಳುತ್ತಾರೆ. ವಿಷಯದ ಪ್ರಕಾರ, ಕಾಲದ ಪ್ರಕಾರ, ಭಾಷೆಯ ಪ್ರಕಾರ. ಶಾಸ್ತ್ರ ಓದದವರು ಎತ್ತರದ ಪ್ರಕಾರ ಜೋಡಿಸುತ್ತಾರೆ. ರಟ್ಟಿನ ಬಣ್ಣ ನೋಡಿ ಜೋಡಿಸುವವರೂ ಈಚೆಗೆ ಹುಟ್ಟಿಕೊಂಡಿದ್ದಾರೆ. ಅವರು ಯಾರಿಗೂ ಪುಸ್ತಕ ಕಡ ಕೊಡುವುದಿಲ್ಲ, ಕೊಟ್ಟರೆ ಗೋಡೆಯ ಅಂದ ಕೆಡುತ್ತದೆ. ನನ್ನ ಕಪಾಟಿನ ಒಂದು ಅರೆ ಮಾತ್ರ ಈ ಯಾವ ಕ್ರಮಕ್ಕೂ ಸೇರಿದ್ದಲ್ಲ. ಅಲ್ಲಿ ಕೂತವರೆಲ್ಲ ನರಸಿಂಹರು.

ಹರಕೆ ಗಿರಕೆ ಏನೂ ಇಲ್ಲ. ಇದು ಇನಿಷಿಯಲ್ಲುಗಳ ಕಾಟದಿಂದ ಹುಟ್ಟಿದ ಏರ್ಪಾಡು. ಕನ್ನಡದ ಲೇಖಕರು ಊರು, ತಂದೆ, ಮನೆತನ ಎಲ್ಲವನ್ನೂ ಹೆಸರಿನ ಮುಂದೆ ಕಟ್ಟಿಕೊಂಡು ಬರುತ್ತಾರೆ. ಅಕಾರಾದಿಯಾಗಿ ಇಡಲು ಹೊರಟರೆ ಒಬ್ಬರು ‘ಕೆ’ಗೆ ಓಡುತ್ತಾರೆ, ಒಬ್ಬರು ‘ಪು’ಗೆ, ಇನ್ನೊಬ್ಬರು ‘ಡಿ’ಗೆ. ಇದೇನು ಗೋಳು, ಅವರವರ ಸ್ವಂತ ಹೆಸರು ಹಿಡಿದೇ ಇಡೋಣ ಎಂದು ಒಂದು ಭಾನುವಾರ ಕೂತೆ. ಸಾಯಂಕಾಲದ ಹೊತ್ತಿಗೆ ‘ನ’ಕಾರದಲ್ಲಿ ಜಾಗ ಸಾಲದಾಯಿತು. ಅಕ್ಕನ ಮಗ ಬಂದವನು ಬೆನ್ನುಗಳನ್ನು ಒಂದೊಂದಾಗಿ ಓದಿ, “ಇವರೆಲ್ಲ ಒಂದೇ ಮನೆಯವರಾ ಮಾವ?” ಎಂದ. “ಅಲ್ಲಪ್ಪ, ದೇವರು ಮಾತ್ರ ಒಂದೇ” ಎಂದೆ. ಆಮೇಲೆ ಯೋಚಿಸಿದರೆ ಅದೂ ಪೂರ್ತಿ ನಿಜವಲ್ಲ. ಇವರಲ್ಲಿ ಇಬ್ಬರು ದೇವರನ್ನೇ ಒಪ್ಪಿದವರಲ್ಲ. ಅವರ ವಿಷಯಕ್ಕೆ ಬರುತ್ತೇನೆ.

ಈ ಹೆಸರಿನ ದೇವರ ಸ್ವಭಾವ ಎಲ್ಲರಿಗೂ ಗೊತ್ತಿದ್ದದ್ದೇ. ಕಂಬ ಒಡೆದು ಬಂದವನು, ಮುಸ್ಸಂಜೆಯಲ್ಲಿ ಹೊಸ್ತಿಲ ಮೇಲೆ ಕೂತು ಉಗುರಿನಿಂದ ಕರುಳು ಬಗೆದವನು. ಅಂಥವನ ಹೆಸರು ಹೊತ್ತು ಕನ್ನಡದಲ್ಲಿ ಬರೆದವರನ್ನು ನೋಡಿ. ಒಬ್ಬರಾದರೂ ಗರ್ಜಿಸಿದ್ದಾರೆಯೇ? ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ, ದೇಶಕ್ಕೆ ದೇಶವೇ ಚಳವಳಿಯ ಕಾವಿನಲ್ಲಿದ್ದಾಗ, ಹೆಂಡತಿ, ಮಾವನ ಮನೆ, ಊರಿನ ದಾರಿ ಇವನ್ನೇ ಹಿಡಿದು ‘ಮೈಸೂರು ಮಲ್ಲಿಗೆ’ ಬರೆದರು. ಆಮೇಲೂ ಅವರು ಹೂವಿನ ತೋಟದಿಂದ ಹೊರಗೆ ಬಂದದ್ದು ಅಷ್ಟಕ್ಕಷ್ಟೆ: ‘ದೀಪದ ಮಲ್ಲಿ’, ‘ಇರುವಂತಿಗೆ’, ‘ದುಂಡುಮಲ್ಲಿಗೆ’. ಎಲ್ಲ ಕವಿತೆಗಳನ್ನು ಒಟ್ಟಿಗೆ ತಂದ ಸಂಪುಟಕ್ಕೂ ‘ಮಲ್ಲಿಗೆಯ ಮಾಲೆ’ ಎಂದೇ ಹೆಸರು. ನಡುವೆ ಒಂದು ‘ಐರಾವತ’ವೂ ಉಂಟು, ಆದರೆ ಆನೆ ಕಂಡರೆ ಸಿಂಹ ಏನು ಮಾಡಬೇಕೋ ಅದನ್ನು ಇವರು ಮಾಡಲಿಲ್ಲ.

ನರಸಿಂಹಸ್ವಾಮಿಯವರಿಗೆ ಹೊಟ್ಟೆಪಾಡು ಗೃಹ ಮಂಡಳಿಯಲ್ಲಿ. ಅವರ ಒಂದು ಸಂಕಲನದ ಹೆಸರು ‘ಮನೆಯಿಂದ ಮನೆಗೆ’. ಸರ್ಕಾರಿ ಕಡತಕ್ಕೂ ಕವಿತೆಗೂ ಒಂದೇ ತಲೆಬರಹ ಹೊಂದಿದ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟದ್ದು ‘ತೆರೆದ ಬಾಗಿಲು’. ಒಳಗೂ ಅಲ್ಲದೆ ಹೊರಗೂ ಅಲ್ಲದೆ ಹೊಸ್ತಿಲ ಮೇಲೆ ಕೂತ ದೇವರ ಹೆಸರಿನವರಿಗೆ ಇದಕ್ಕಿಂತ ಒಪ್ಪುವ ಶೀರ್ಷಿಕೆ ಬೇಕೆ? ಮಲ್ಲಿಗೆಯ ಪರಿಮಳದಲ್ಲಿ ಮೈಮರೆತ ನಾವು ಈ ಬಾಗಿಲಿನೊಳಗೆ ಹೋದದ್ದು ಕಡಿಮೆ. ಗಾಯಕ ಅಶ್ವತ್ಥ್ ಅವರ ದನಿಯಲ್ಲಿ ಕೇಳಿದ್ದನ್ನೇ ಓದಿದ್ದೇವೆ ಎಂದು ತಿಳಿದುಕೊಂಡವರು ಬಹಳ.

‘ತೆರೆದ ಬಾಗಿಲು’ ಇಟ್ಟ ಪಕ್ಕದಲ್ಲೇ ‘ತೆರೆದ ಮನ’ ಇದೆ. ಇದು ಎಚ್. ನರಸಿಂಹಯ್ಯನವರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ ಹೈಸ್ಕೂಲು ಓದಬೇಕೆಂದು ಬೆಂಗಳೂರಿಗೆ ನಡೆದೇ ಬಂದದ್ದು, ಅಮೆರಿಕಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು, ವಾಪಸು ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಕಡೆಯವರೆಗೂ ಇದ್ದದ್ದು, ಎಲ್ಲ ‘ಹೋರಾಟದ ಹಾದಿ’ ಎಂಬ ಆತ್ಮಕಥೆ ಓದಿದವರಿಗೆ ಗೊತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಅವರೊಂದು ಸಮಿತಿ ರಚಿಸಿದರು. ಪವಾಡ ಮಾಡುವವರು ಮುಂದೆ ಬರಬೇಕು, ಮಾಡಿ ತೋರಿಸಬೇಕು. ಅಷ್ಟೇ ಶರತ್ತು. ದೇಶವೆಲ್ಲ ಗದ್ದಲವಾಯಿತು, ಪರೀಕ್ಷೆಗೆ ಸಿಗಬೇಕಾದವರು ಸಿಗಲಿಲ್ಲ.

ಇಲ್ಲಿ ನನಗೊಂದು ತುಂಟ ಯೋಚನೆ. ದೇವರು ಎಲ್ಲೆಲ್ಲೂ ಇದ್ದಾನೆಂದು ಪ್ರಹ್ಲಾದ ಹೇಳಿದಾಗ, “ಹಾಗಾದರೆ ಈ ಕಂಬದಲ್ಲಿ ತೋರಿಸು” ಎಂದವನು ಹಿರಣ್ಯಕಶಿಪು. ಕೇಳಿ ಸುಮ್ಮನಾಗದೆ ಕಂಬಕ್ಕೆ ಹೊಡೆದೂ ನೋಡಿದ. ಪುರಾಣದಲ್ಲಿ ಪ್ರಯೋಗಕ್ಕೆ ಇಳಿದ ಮೊದಲ ಮನುಷ್ಯ (ಮನುಷ್ಯನಲ್ಲ, ರಾಕ್ಷಸ ಎನ್ನಿ) ಅವನೇ ಇರಬೇಕು. ಪಾಪ, ಫಲಿತಾಂಶ ಬಂತು, ವರದಿ ಬರೆಯಲು ಆತ ಉಳಿಯಲಿಲ್ಲ. ನರಸಿಂಹಯ್ಯನವರು ಹೊಡೆದ ಕಂಬಗಳಿಂದ ಯಾರೂ ಹೊರಗೆ ಬರಲಿಲ್ಲವಾದ್ದರಿಂದ ಅವರ ಪುಸ್ತಕಗಳು ನಮಗೆ ದಕ್ಕಿದವು. ಕೇಳುವ ಕೆಲಸ ಹಿರಣ್ಯಕಶಿಪುವಿನದು, ಹೆಸರು ನರಸಿಂಹನದು. ಎರಡನ್ನೂ ಒಬ್ಬರೇ ನಿಭಾಯಿಸಿದ್ದು ಸಣ್ಣ ಮಾತಲ್ಲ.

ಇನ್ನೊಬ್ಬ ನಾಸ್ತಿಕರು ಮಾರುವೇಷದಲ್ಲಿದ್ದಾರೆ. ಎ.ಎನ್. ಮೂರ್ತಿರಾಯರ ‘ಎ.ಎನ್.’ ಬಿಡಿಸಿದರೆ ಅಕ್ಕಿಹೆಬ್ಬಾಳು ನರಸಿಂಹ. ಈಗ ನೀವು ಓದುತ್ತಿರುವಂಥ ಬರಹಕ್ಕೆ ಕನ್ನಡದಲ್ಲಿ ಕೂರಲು ಒಂದು ಮಣೆ ಸಿಕ್ಕಿದ್ದರೆ ಅದರಲ್ಲಿ ಅವರ ‘ಹಗಲುಗನಸುಗಳು’ ಪುಸ್ತಕದ ಪಾಲು ದೊಡ್ಡದು. ಅದು ಬಂದದ್ದು 1937ರಲ್ಲಿ. 1900ರಲ್ಲಿ ಹುಟ್ಟಿದ ಈ ಮಹನೀಯರು ತೊಂಬತ್ತು ದಾಟಿದ ಮೇಲೆ ‘ದೇವರು’ ಎಂಬ ಪುಸ್ತಕ ಬರೆದು, ದೇವರ ಪರವಾಗಿ ಹೇಳುವ ವಾದಗಳನ್ನೆಲ್ಲ ಒಂದೊಂದಾಗಿ ಕೂರಿಸಿಕೊಂಡು ವಿಚಾರಿಸಿ, ನಯವಾಗಿ ಕಳಿಸಿಕೊಟ್ಟರು. ಆ ವಯಸ್ಸಿನಲ್ಲಿ ಉಳಿದವರು ತುಲಸಿಮಣಿ ಹುಡುಕುತ್ತಾರೆ. ದೇವರೂ ಬೇಸರ ಮಾಡಿಕೊಂಡಂತಿಲ್ಲ. ನೂರಮೂರು ವರ್ಷ ಬದುಕಿಸಿದ. ನಾಸ್ತಿಕವಾದದ ಪುಸ್ತಕಗಳಿಗೆ ಸಾಮಾನ್ಯವಾಗಿ ಇರುವ ಸಿಡುಕು ಇದರಲ್ಲಿ ಎಲ್ಲಿಯೂ ಇಲ್ಲ. ನಂಬುವವರು ಮೊದಲು ಓದಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ಅಂದ ಹಾಗೆ ನರಸಿಂಹಸ್ವಾಮಿಯವರ ಕಿಕ್ಕೇರಿ, ಮೂರ್ತಿರಾಯರ ಅಕ್ಕಿಹೆಬ್ಬಾಳು, ಎರಡೂ ಕೃಷ್ಣರಾಜಪೇಟೆ ತಾಲ್ಲೂಕಿನವು. ಇಬ್ಬರೂ ತೀರಿಕೊಂಡದ್ದು 2003ರಲ್ಲೇ. ಒಂದು ತಾಲ್ಲೂಕು ಒಂದೇ ವರ್ಷದಲ್ಲಿ ಇಬ್ಬರು ನರಸಿಂಹರನ್ನು ಕಳೆದುಕೊಂಡಿತು. ಈ ಸೀಮೆಯಲ್ಲಿ ಹೆಸರು ಇಷ್ಟು ದಟ್ಟವಾಗಿ ಬೆಳೆದದ್ದಕ್ಕೆ ಕಾರಣ ಹುಡುಕಬೇಕಾದರೆ ಪಕ್ಕದ ಮೇಲುಕೋಟೆಗೆ ಹೋಗಬೇಕು, ಅದೂ ಬರಿಗಾಲಲ್ಲಿ ಬೆಟ್ಟ ಹತ್ತಬೇಕು. ಕಲ್ಲಿನ ಮೆಟ್ಟಿಲು ಮಧ್ಯಾಹ್ನಕ್ಕೆ ಕಾದು ಪಾದ ಊರಗೊಡುವುದಿಲ್ಲ. ಅಂಚಿನ ನೆರಳು ಹಿಡಿದು ಹತ್ತಿದರೆ ಅಲ್ಲಿ ಕೋತಿಗಳು. ಮೇಲೆ ನಿಂತು ತಿರುಗಿ ನೋಡಿದರೆ ಕೆಳಗೆ ಕಲ್ಯಾಣಿ ಚೌಕಾಕಾರವಾಗಿ ಕಾಣುತ್ತದೆ, ಅದರಾಚೆ ಊರು, ಚೆಲುವನಾರಾಯಣನ ಗುಡಿ. ಒಳಗೆ ಇರುವವನು ಯೋಗಾನರಸಿಂಹ. ಮಂಡಿಗಳನ್ನು ಯೋಗಪಟ್ಟಿಯಿಂದ ಬಿಗಿದು, ಕೈಗಳನ್ನು ಅದರ ಮೇಲೆ ಚಾಚಿ, ಸುಮ್ಮನೆ ಕೂತಿದ್ದಾನೆ. ಸಿಟ್ಟೆಲ್ಲ ಇಳಿದ ಮೇಲಿನ ನರಸಿಂಹ ಇವನು. ಕನ್ನಡದ ನರಸಿಂಹರಿಗೆ ಹೆಸರು ಬಂದದ್ದು ಕಂಬದವನಿಂದಲ್ಲ, ಈ ಪಟ್ಟಿ ಕಟ್ಟಿಕೊಂಡವನಿಂದ ಎಂದು ನನ್ನ ಊಹೆ.

ಪು.ತಿ.ನ. ಹುಟ್ಟಿದ ಊರು ಇದೇ. ಪುರೋಹಿತ ತಿರುನಾರಾಯಣ ನರಸಿಂಹಾಚಾರ್ ಎಂಬ ಪೂರ್ತಿ ಹೆಸರನ್ನು ಹೇಳುತ್ತ ಹೋದರೆ ಊರೊಳಗಿನ ತಿರುನಾರಾಯಣನಿಂದ ಹೊರಟು ಬೆಟ್ಟದ ತುದಿ ಮುಟ್ಟಿದಂತೆಯೇ. ಮೆಟ್ಟಿಲು ಹತ್ತುವ ಶ್ರಮವಿಲ್ಲ. ಈ ಬೆಟ್ಟದ ಗುಡಿಯೇ ಅವರ ‘ಮಲೆದೇಗುಲ’. ‘ಗೋಕುಲ ನಿರ್ಗಮನ’ ಬರೆದ ಇಂಥ ಮೃದು ಮನುಷ್ಯರಿಗೆ ಮೈಸೂರು ಸರ್ಕಾರ ಕೆಲಸ ಕೊಟ್ಟದ್ದು ಎಲ್ಲಿ ಅಂತೀರಿ? ಸೈನ್ಯದ ಕಚೇರಿಯಲ್ಲಿ! ಸಿಪಾಯಿಗಳ ಕಡತ ನೋಡುತ್ತಲೇ ಕೃಷ್ಣನ ಕೊಳಲಿಗೆ ಮಾತು ಹೊಂದಿಸಿದರು. ಜನ ಅವರನ್ನು ಕವಿ ಎಂದು ನಮಸ್ಕರಿಸಿ ಮುಂದೆ ಹೋಗುತ್ತಾರೆ. ನನಗೆ ಅವರ ಕವಿತೆಗಿಂತ ಒಂದು ಕೂದಲೆಳೆ ಹೆಚ್ಚು ಇಷ್ಟ ಅವರ ಗದ್ಯ. ‘ಈಚಲ ಮರದ ಕೆಳಗೆ’ ಕೈಗೆತ್ತಿಕೊಂಡ ದಿನ ಒಲೆಯ ಮೇಲಿನ ಹಾಲು ನನ್ನ ಜವಾಬ್ದಾರಿಯಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಬಿಡುತ್ತೇನೆ.

ಅರೆಯ ಎಡಗಡೆಯಲ್ಲಿ ದಪ್ಪ ಪುಸ್ತಕಗಳು. ಡಿ.ಎಲ್. ನರಸಿಂಹಾಚಾರ್ ಅವರ ಇನಿಷಿಯಲ್ಲಿನಲ್ಲೂ ಲಕ್ಷ್ಮಿ ಇದ್ದಾಳೆ, ದೊಡ್ಡಬೆಲೆ ಲಕ್ಷ್ಮೀನರಸಿಂಹಾಚಾರ್. ಹಳೆಯ ಓಲೆಗರಿ ನೋಡಿದವರಿಗೆ ಗೊತ್ತು, ಅದರಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗವಿರುವುದಿಲ್ಲ. ಅಕ್ಷರಗಳು ಒಂದೇ ಸಮನೆ ಸಾಗುತ್ತವೆ. ಎ-ಏ, ಒ-ಓ ಹ್ರಸ್ವವೋ ದೀರ್ಘವೋ ಎಂಬುದನ್ನೂ ಬಹಳ ಸಲ ನಾವೇ ಊಹಿಸಬೇಕು. ಲಿಪಿಕಾರ ತೂಕಡಿಸಿ ಒಂದು ಸಾಲು ಹಾರಿಸಿದ್ದರೆ ಅದೂ ಹಾಗೇ ಮುಂದಿನ ಪ್ರತಿಗೆ ಇಳಿದಿರುತ್ತದೆ. ಇಂಥ ಗರಿಗಳನ್ನು ನಾಲ್ಕೈದು ಮುಂದಿಟ್ಟುಕೊಂಡು, ಕವಿ ಬರೆದದ್ದು ಯಾವುದು, ನಕಲು ಮಾಡಿದವನು ಸೇರಿಸಿದ್ದು ಯಾವುದು ಎಂದು ಬಗೆದು ತೆಗೆಯುವ ಕೆಲಸ ಡಿ.ಎಲ್.ಎನ್. ಅವರದು. ಉಗುರುಗಳು ಪ್ರಯೋಜನಕ್ಕೆ ಬಂದ ನರಸಿಂಹ ಇವರೊಬ್ಬರೇ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳನ್ನು ನಾವು ಇಂದು ನೆಟ್ಟಗೆ ಓದುತ್ತಿರುವುದು ಅವರ ಕೃಪೆಯಿಂದ. ಆ ವಿದ್ಯೆಯ ಗುಟ್ಟನ್ನೆಲ್ಲ ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ ಬಿಚ್ಚಿಟ್ಟರು. ಪಂಪನ ಭಾರತವನ್ನು ಪದ್ಯಪದ್ಯವಾಗಿ ಬಿಡಿಸುವ ‘ಪಂಪಭಾರತ ದೀಪಿಕೆ’ ಅವರು ತೀರಿಕೊಂಡ ವರ್ಷವೇ, 1971ರಲ್ಲಿ ಬಂತು. ಪಂಪನನ್ನು ಓದಿದ್ದೇನೆಂದು ಸಭೆಯಲ್ಲಿ ಹೇಳಿಕೊಳ್ಳುವವರ ಮನೆಯಲ್ಲಿ ಈ ದೀಪಿಕೆ ಇದೆಯೇ ಎಂದು ನಾನು ಮೊದಲು ನೋಡುತ್ತೇನೆ.

ದೇವುಡು ನರಸಿಂಹಶಾಸ್ತ್ರಿಗಳ ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’ ಮೂರೂ ಇವೆ. ವಿಶ್ವಾಮಿತ್ರ, ನಹುಷ, ಯಾಜ್ಞವಲ್ಕ್ಯ. ಮಹಾ ಎನ್ನುವುದಕ್ಕಿಂತ ಕಡಿಮೆಗೆ ಅವರು ಇಳಿಯುತ್ತಿರಲಿಲ್ಲ. ‘ಮಹಾಕ್ಷತ್ರಿಯ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ಅವರು ಇರಲಿಲ್ಲ. ತೆಲುಗಿನ ಕಡೆಯವರಾದ ಪಾನುಗಂಟಿ ಲಕ್ಷ್ಮೀನರಸಿಂಹರಾಯರ ‘ಸಾಕ್ಷಿ’ ಪ್ರಬಂಧಗಳಿಗೂ ನಮ್ಮ ಪ್ರಧಾನಿಯಾಗಿದ್ದ ಪಿ.ವಿ. ನರಸಿಂಹರಾಯರ ‘ದಿ ಇನ್‌ಸೈಡರ್’ ಎಂಬ ದಪ್ಪ ಕಾದಂಬರಿಗೂ ಕೊನೆಯಲ್ಲಿ ಜಾಗ ಕೊಟ್ಟಿದ್ದೇನೆ. ಮೊದಲನೆಯವರು ನಮ್ಮ ವೃತ್ತಿಬಾಂಧವರು, ಎರಡನೆಯವರು ದೊಡ್ಡ ಮನುಷ್ಯರು. ಬಿಡಲಾಗುತ್ತದೆಯೇ?

ನಮ್ಮ ಮನೆಯಾಕೆ ಒಮ್ಮೆ ಅರೆಯ ಧೂಳು ಹೊಡೆಯುತ್ತ, “ಇಲ್ಲಿ ಹೆಂಗಸರೇ ಇಲ್ಲವಲ್ಲ” ಎಂದಳು. ನರಸಮ್ಮ ಎಂಬ ಹೆಸರಿನ ಅಜ್ಜಿಯರು ಹಳೇ ಮೈಸೂರು ಸೀಮೆಯ ತುಂಬ ಇದ್ದರು, ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಸಂಪುಟಕ್ಕಾಗುವಷ್ಟು ಕಥೆಗಳಿದ್ದವು. ಅವರ ಕೈಗೆ ಯಾರೂ ಲೇಖನಿ ಕೊಡಲಿಲ್ಲ. ನಾನು ಉತ್ತರ ಹೇಳದೆ ಬಟ್ಟೆ ಇಸಿದುಕೊಂಡು ಉಳಿದ ಧೂಳು ಹೊಡೆದೆ.

ಎಲ್ಲರಿಗಿಂತ ಹಿರಿಯರನ್ನು ಕಡೆಗೆ ಉಳಿಸಿಕೊಂಡಿದ್ದೇನೆ. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಅಚ್ಚಾದಾಗ ಅದನ್ನು ಸಿದ್ಧಪಡಿಸಿದವರು ಇಬ್ಬರು. ಒಬ್ಬರು ಆರ್. ನರಸಿಂಹಾಚಾರ್, ಇನ್ನೊಬ್ಬರು ಎಸ್.ಜಿ. ನರಸಿಂಹಾಚಾರ್. ಒಂದೇ ಪುಸ್ತಕಕ್ಕೆ ಇಬ್ಬರು ನರಸಿಂಹರು! ಅಂಚೆಯವನ ಪಾಡು ಏನಾಗಿತ್ತೋ. ಎಸ್.ಜಿ. ಅದೇ ವರ್ಷ ತೀರಿಕೊಂಡರು. ಆರ್. ಒಬ್ಬರೇ ಮುಂದುವರಿದು 1919ರಲ್ಲಿ ಎರಡನೆಯದನ್ನೂ 1929ರಲ್ಲಿ ಮೂರನೆಯದನ್ನೂ ತಂದರು. ಯಾವ ಕವಿ ಯಾವ ಕಾಲದವನು, ಯಾರ ಮಗ, ಯಾವ ರಾಜನ ಆಶ್ರಯ, ಏನೇನು ಬರೆದ ಎಂದು ನೂರಾರು ಕವಿಗಳ ಜಾತಕವನ್ನು ಓಲೆಗರಿ, ಶಾಸನಗಳಿಂದ ಹೆಕ್ಕಿ ಬರೆದ ಗ್ರಂಥ ಅದು. ಕನ್ನಡ ಸಾಹಿತ್ಯ ಚರಿತ್ರೆ ಬರೆದವರೆಲ್ಲ ಅಲ್ಲಿಂದ ಬುತ್ತಿ ಕಟ್ಟಿಕೊಂಡೇ ಹೊರಟವರು, ಕೆಲವರು ಹೆಸರು ಹೇಳಿ, ಕೆಲವರು ಹೇಳದೆ. ಮೈಸೂರು ಪ್ರಾಚ್ಯವಸ್ತು ಇಲಾಖೆಯಲ್ಲಿ ಲೂಯಿ ರೈಸ್ ಇಳಿದ ಮೇಲೆ ಆ ಜಾಗದಲ್ಲಿ ಕೂತವರೂ ಇವರೇ. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಯ ಗುಡಿಗಳ ಮೇಲೆ ಒಂದೊಂದು ಪುಸ್ತಕ, ಶ್ರವಣಬೆಳಗೊಳದ ಶಾಸನಗಳ ಪರಿಷ್ಕೃತ ಸಂಪುಟ. ಪ್ರಾಕ್ತನವಿಮರ್ಶವಿಚಕ್ಷಣ ಎಂಬ ಬಿರುದು. ಅದನ್ನು ಒಂದೇ ಉಸಿರಿನಲ್ಲಿ ಹೇಳಲು ಬಂದರೆ ಅರ್ಧ ಪಂಡಿತರಾದಿರಿ ಎಂದೇ ಲೆಕ್ಕ.

ಇಂಥವರು, ಕಲ್ಲು ಓಲೆಗಳ ನಡುವೆ ಆಯುಷ್ಯ ಸವೆಸಿದವರು, ಇನ್ನೊಂದು ಪುಸ್ತಕವನ್ನೂ ಬರೆದಿದ್ದಾರೆ. ಅದರ ಹೆಸರು ‘ನಗೆಗಡಲು’. ಕವಿಚರಿತೆ ಎಂದ ಕೂಡಲೇ ಕೈ ಮುಗಿಯುವ ಅಧ್ಯಾಪಕರಲ್ಲಿ ಹಲವರಿಗೆ ಈ ವಿಷಯ ಗೊತ್ತಿಲ್ಲ. ಹೇಳಿದರೆ ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ನನ್ನ ನರಸಿಂಹರ ಸಾಲಿನಲ್ಲಿ ಇಲ್ಲದ ಪುಸ್ತಕ ಅದೇ. ನಿಮ್ಮ ಮನೆಯ ಅಟ್ಟದಲ್ಲೋ ಅಜ್ಜನ ಟ್ರಂಕಿನಲ್ಲೋ ರಟ್ಟು ಹರಿದ ಒಂದು ಪ್ರತಿ ಸಿಕ್ಕರೆ ದಯಮಾಡಿ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಬೇಡಿ. ನೀವು ಓದಿಕೊಳ್ಳಿ, ಒಂದು ಜೆರಾಕ್ಸ್ ಪ್ರತಿ ನನಗೂ ಕಳಿಸಿ. ಖರ್ಚು ನನ್ನದು.