ನೇರಳೆಯೋ, ಬದನೆಕಾಯಿ ಬಣ್ಣವೋ

ಮಾಮೂಲ್‌ಪೇಟೆಯಲ್ಲಿ ನಮ್ಮ ಭಾವನದು ಮಣಿ, ಲೇಸಿನ ಅಂಗಡಿ. ಮೇಲೆ ಮನೆ, ನಡುಮನೆಯಲ್ಲಿ ಉಪ್ಪುನೀರಿನ ಟ್ಯಾಂಕು. ಅದಕ್ಕೆಂದು ಇಂಡೋನೇಷ್ಯಾದಿಂದ ಬಂದದ್ದು 'ಲೈವ್ ರಾಕ್'. ಅಂದರೆ ಸತ್ತ ಹವಳದ ಕಲ್ಲು, ಅದರ ತೂತುಗಳಲ್ಲಿ ಬಾಡಿಗೆ ಕೊಡದೆ ವಾಸವಾಗಿರುವ ಹುಳುಹುಪ್ಪಟೆ ಸಮೇತ. ನಮ್ಮ ದೇಶದಲ್ಲಿ ಹವಳವೂ ಹುಲಿಯೂ ವನ್ಯಜೀವಿ ಕಾಯ್ದೆಯ ಒಂದೇ ಶೆಡ್ಯೂಲಿನವು. ಹಾಗಾಗಿ ಬಂದವರಿಗೆಲ್ಲ ಭಾವ ಕಾಫಿಗಿಂತ ಮೊದಲು ಆಮದು ಪರವಾನಗಿ ತೋರಿಸುತ್ತಾರೆ.

ಕಲ್ಲು ಬಂದ ಮೇಲೆ ರಾತ್ರಿಯೆಲ್ಲ 'ಟಕ್, ಟಕ್'. ಅಕ್ಕನ ಅತ್ತೆ, ಹಲ್ಲಿ ನುಡಿಯಿತೆಂದು ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಅನ್ನುವರು. ಆ ಮನೆಯಲ್ಲಿ ಯಾವ ಮಾತಿಗೂ ಅಷ್ಟು ಶಕುನದ ಬೆಂಬಲ ಹಿಂದೆ ಸಿಕ್ಕಿರಲಿಲ್ಲ. ಅಕ್ಕ ತವರಿಗೆ ಹೋಗುವ ವಿಷಯವೂ ಒಂದು ಟಕ್ಕಿನಲ್ಲೇ ಇತ್ಯರ್ಥವಾಯಿತು. ಅಷ್ಟರಲ್ಲಿ ಟ್ಯಾಂಕಿನ ಬಸವನಹುಳುಗಳು ಒಂದೊಂದಾಗಿ ಚಿಪ್ಪಿನ ಚೂರಾಗತೊಡಗಿದವು.

ಹಲ್ಲಿಯಲ್ಲ, ಮ್ಯಾಂಟಿಸ್ ಶ್ರಿಂಪ್. ಸೀಗಡಿಯ ದೂರದ ನೆಂಟ, ಕಿರುಬೆರಳಿನಷ್ಟುದ್ದ, ಗುದ್ದುವ ಕಸುಬು. 2004ರಲ್ಲಿ ಷೀಲಾ ಪಟೇಕ್ ತಂಡ ಇದರ ದೊಡ್ಡ ಜಾತಿಯೊಂದರ ಗುದ್ದನ್ನು ಅಳೆದಾಗ ಸೆಕೆಂಡಿಗೆ 23 ಮೀಟರ್ ಬಂತು. ಗಂಟೆಗೆ 80 ಕಿಲೋಮೀಟರಿಗೂ ಮಿಕ್ಕ ಆ ವೇಗವನ್ನು ಅವೆನ್ಯೂ ರಸ್ತೆ ಕಂಡಿಲ್ಲ. ಇದರ ಬಳಗದ ಇನ್ನೊಂದು ಜಾತಿ ಮಂಗಳೂರು, ಮಲ್ಪೆಯ ಟ್ರಾಲ್ ಬಲೆಗಳಿಗೆ ರಾಶಿರಾಶಿ ಬೀಳುತ್ತದೆ, ತಿನ್ನುವವರಿಲ್ಲದೆ ಮೀನುಪುಡಿಗೆ ಹೋಗುತ್ತದೆ. ಇಲ್ಲಿ ಅದಕ್ಕೆ ಜಾತಕ ಬರೆಸುವ ಸಂಭ್ರಮ.

ಕಲ್ಲನ್ನು ಹೊರತೆಗೆದು ಬಿಲಕ್ಕೆ ಸೋಡಾ ಹೊಯ್ದರೆ ಉಸಿರುಗಟ್ಟಿ ಹೊರಬರುತ್ತದೆ ಎಂಬುದು ಟ್ಯಾಂಕು ಸಾಕುವವರ ಮನೆಮದ್ದು. ಭಾವ ಮೂಲೆಯಂಗಡಿಗೆ ಹುಡುಗನನ್ನು ಅಟ್ಟಿದರು. 'ಪನ್ನೀರಾ, ಲೆಮನ್ನಾ?' ಅಂತ ಅಲ್ಲಿಂದ ಕೇಳಿಕಳಿಸಿದರು. ಸಾದಾ ಸೋಡಾ ಸಾಕೆಂದದ್ದಕ್ಕೆ, ಮನೆಯಲ್ಲಿ ಯಾರಿಗೆ ಅಜೀರ್ಣವೆಂದು ವಿಚಾರಣೆ ಬೇರೆ.

ಬಂತು. ಪ್ಲಾಸ್ಟಿಕ್ ಡಬ್ಬಿಯ ಸಮುದ್ರದ ನೀರಿಗೆ ಬಿದ್ದು ಎರಡೇ ನಿಮಿಷದಲ್ಲಿ ಚೇತರಿಸಿಕೊಂಡಿತು. ಇನ್ನು ಹೆಸರು ಹಿಡಿಯಬೇಕು. ಮೈಬಣ್ಣ ನೆಚ್ಚುವಂಥದ್ದಲ್ಲ, ಒಂದೇ ಜಾತಿಯಲ್ಲಿ ಹಸಿರೂ ಉಂಟು, ಕಂದೂ ಉಂಟು. ನೋಡಬೇಕಾದ್ದು ಬಾಲದ ಕೊನೆಯ ಫಲಕದ ಉಬ್ಬುಗಳು ಮತ್ತು ಗುದ್ದುವ ತೋಳಿನ ಒಳಬದಿಯ ಚುಕ್ಕೆ. ಚಿರಾಗ್ರಾ ಜಾತಿಗೆ ಹಳದಿ, ಸ್ಮಿಥೈಗೆ ನೇರಳೆ. 1913ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಿಂದ ಇವುಗಳ ಮೇಲೆ ದೊಡ್ಡ ಗ್ರಂಥ ತಂದ ಸ್ಟ್ಯಾನ್ಲಿ ಕೆಂಪ್‌ರಿಗೆ ಸಿಕ್ಕವು ಹೆಚ್ಚಾಗಿ ಸ್ಪಿರಿಟ್ಟಿನಲ್ಲಿ ಬಣ್ಣ ಮಾಸಿದವು. ನಮ್ಮದು ಜೀವಂತ, ಆದರೆ ತೊಡಕು ಬೇರೆ: ತೋಳು ಬಿಚ್ಚಿ ಚುಕ್ಕೆ ತೋರಿಸುವುದು ಎದುರಾಳಿಯನ್ನು ಹೆದರಿಸುವಾಗ ಮಾತ್ರ. ಹೆಸರು ತಿಳಿಯಬೇಕಾದರೆ ಮೊದಲು ಬೈಸಿಕೊಳ್ಳಬೇಕು. ಸರ್ಕಾರಿ ಕಚೇರಿ ಕಂಡವರಿಗೆ ಇದೇನೂ ಹೊಸದಲ್ಲ.

ಅದರ ಕಣ್ಣಿನ ಕೀರ್ತಿ ದೊಡ್ಡದು. ನಮಗೆ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ, ಅದಕ್ಕೆ ಹನ್ನೆರಡು. ಆದರೆ 2014ರಲ್ಲಿ ಪರೀಕ್ಷಿಸಿದಾಗ ಹತ್ತಿರ ಹತ್ತಿರದ ಬಣ್ಣ ಬೇರೆಮಾಡುವುದರಲ್ಲಿ ಅದು ನಮಗಿಂತ ಬಹಳ ಹಿಂದೆ. ಬ್ಲೌಸ್ ಪೀಸ್ ಹಿಡಿದು ಬಂದ ಒಬ್ಬ ಗಿರಾಕಿಗೂ ಅದು ಮಣಿ ಹೊಂದಿಸಿಕೊಡಲಾರದು. ಭಾವ ಎಂದೂ ಇಷ್ಟು ಖುಷಿಪಟ್ಟದ್ದನ್ನು ನಾನು ಕಂಡಿಲ್ಲ.

ಪೆನ್ಸಿಲ್ ತೋರಿಸಿದೊಡನೆ ತೋಳು ಅಗಲಿಸಿ ನಿಂತಿತು. 'ನೇರಳೆ! ಸ್ಮಿಥೈ!' ಅಂದರು ಭಾವ.

ಅಂಗಡಿಯ ಹುಡುಗ ಬಗ್ಗಿ ನೋಡಿದ. 'ಅಣ್ಣಾ, ನೇರಳೆ ಎಲ್ಲಿ? ಬದನೆಕಾಯಿ ಕಲರ್ರು.'

ತೀರ್ಪಿಗೆ ಬಾಲದ ಉಬ್ಬು ನೋಡೋಣವೆಂದರೆ, ಅದು ಬಾಲವನ್ನೇ ಗುರಾಣಿಯಂತೆ ಮಡಚಿ ಪೆನ್ಸಿಲಿಗೆ ಗುದ್ದುತ್ತಿದೆ. ಭಾವ ಕೆಳಗಿನಿಂದ ಮಣಿಗಳ ಶೇಡ್ ಕಾರ್ಡ್ ತರಿಸಿದ್ದಾರೆ.