ಬಿದಿರಿನ ಬ್ರಷ್ಷು, ಮೂರು ವಿಮಾನ

ನನ್ನ ಷಡ್ಡಕರು ಪರಿಸರಪ್ರೇಮಿಗಳು. ಹಲ್ಲುಜ್ಜುವುದು ಬಿದಿರಿನ ಬ್ರಷ್ಷಿನಲ್ಲಿ, ನೀರು ಕುಡಿಯುವುದು ಸ್ಟೀಲ್ ಬಾಟಲಿಯಲ್ಲಿ. ಸೊಪ್ಪಿನವಳು ಪ್ಲಾಸ್ಟಿಕ್ ಕವರ್ ಚಾಚಿದರೆ ಅವಳ ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸಗೊಡದೆ ಉಪನ್ಯಾಸ ಕೊಡುತ್ತಾರೆ. ಇಂಥವರು ಸುಮ್ಮನೆ ಊಟಿಗೆ ಹೋಗಿಬರಲು ಸಾಧ್ಯವೇ? ಪರಿಸರಸ್ನೇಹಿ ಪ್ರವಾಸವೇ ಆಗಬೇಕೆಂದು ಹಟಹಿಡಿದು ಗಲಾಪಗೋಸ್ ದ್ವೀಪಗಳಿಗೆ ಹೋಗಿಬಂದರು. ಬೆಂಗಳೂರಿನಿಂದ ಯುರೋಪು, ಅಲ್ಲಿಂದ ಅಟ್ಲಾಂಟಿಕ್ ದಾಟಿ ಈಕ್ವೆಡಾರ್‌ನ ಕೀಟೊ, ಆಮೇಲೆ ಕರಾವಳಿಯಿಂದಾಚೆ ಪೆಸಿಫಿಕ್‌ನೊಳಕ್ಕೆ ಸುಮಾರು ಸಾವಿರ ಕಿಲೋಮೀಟರ್. ಹೋಗುವಾಗ ಮೂರು ವಿಮಾನ, ಬರುವಾಗ ಮೂರು. ಆರರಲ್ಲೂ ಬಿದಿರಿನ ಬ್ರಷ್ಷು ಜೊತೆಗಿತ್ತು.

"ವಿಮಾನದ ಹೊಗೆ?" ಅಂದೆ.

"ಅದಕ್ಕೆ ಕಾರ್ಬನ್ ಆಫ್‌ಸೆಟ್ ಕಟ್ಟಿದೀನಲ್ಲ ಭಾವ" ಅಂದರು.

ಹಿಂದೆ ಪಾಪ ಮಾಡಿದವನು ಪುರೋಹಿತರಿಗೆ ಗೋದಾನ ಕೊಡುತ್ತಿದ್ದ. ಹಸು ಸಾಕುವುದು ಪುರೋಹಿತರಿಗೂ ತಲೆನೋವಾದ ಮೇಲೆ ಹಸುವಿನ ಬದಲು ದಕ್ಷಿಣೆ ಬಂತು. ಈಗ ದಕ್ಷಿಣೆ ನೇರ ಆಪ್‌ಗೇ ಸಲ್ಲುತ್ತದೆ, ಎಲ್ಲೋ ಒಂದು ಗಿಡ ನೆಟ್ಟಿದ್ದೇವೆಂದು ಇಮೇಲ್ ಬರುತ್ತದೆ. ಆ ಗಿಡ ಬದುಕಿತೇ ಎಂದು ವಿಚಾರಿಸುವುದು, ದಾನಕೊಟ್ಟ ಹಸು ಎಷ್ಟು ಹಾಲು ಕರೆಯುತ್ತದೆಂದು ವಿಚಾರಿಸಿದಷ್ಟೇ ಅಸಭ್ಯ.

ಮಡಿ ಶುರುವಾಗುವುದು ವಿಮಾನ ನಿಲ್ದಾಣದಲ್ಲಿ. ಬೀಜ, ಹಣ್ಣು, ಕಾಳು ಏನಾದರೂ ಇದೆಯೇ ಎಂದು ಚೀಲ ತಪಾಸಣೆ ಮಾಡುತ್ತಾರೆ. ಷಡ್ಡಕರ ಹುಣಸೆಹಣ್ಣಿನ ಡಬ್ಬಿ ಕೀಟೊದಲ್ಲೇ ಉಳಿಯಿತು. ಇಳಿಯುವ ಮುಂಚೆ ಸೀಟಿನ ಮೇಲಿನ ಗೂಡುಗಳನ್ನೆಲ್ಲ ತೆರೆದು ಕೀಟನಾಶಕ ಸಿಂಪಡಿಸುತ್ತಾರೆ. ದ್ವೀಪದಲ್ಲಿ ಸರ್ಟಿಫಿಕೇಟ್ ಪಡೆದ ಗೈಡಿಲ್ಲದೆ ಕಾಡಿನ ಜಾಗಗಳಿಗೆ ಕಾಲಿಡುವಂತಿಲ್ಲ. ಒಬ್ಬ ಗೈಡಿಗೆ ಹದಿನಾರು ಜನ, ಅದಕ್ಕಿಂತ ಹೆಚ್ಚಿಲ್ಲ. ಗುರುತು ಹಾಕಿದ ಹಾದಿ ಬಿಡಬಾರದು, ಫ್ಲ್ಯಾಶ್ ಹೊಡೆಯಬಾರದು, ಯಾವ ಪ್ರಾಣಿಯಿಂದಲೂ ಎರಡು ಮೀಟರ್ ದೂರ ನಿಲ್ಲಬೇಕು.

ತೊಂದರೆಯೆಂದರೆ ಈ ಎರಡು ಮೀಟರಿನ ಸಂಗತಿ ಪ್ರಾಣಿಗಳಿಗೆ ಗೊತ್ತಿಲ್ಲ. ಮನುಷ್ಯನನ್ನು ಕಂಡು ಹೆದರುವುದನ್ನು ಅವು ಇನ್ನೂ ಕಲಿತಿಲ್ಲ. ಸೀಲಯನ್ ಬಂದು ಬೆಂಚಿನ ಮೇಲೆ ಮೈಚಾಚಿ ಮಲಗುತ್ತದೆ, ಟಿಕೆಟ್ ಕೊಂಡವರು ಹಿಂದೆ ಹಿಂದೆ ಸರಿಯುತ್ತಾರೆ. ನೀಲಿ ಪಾದದ ಬೂಬಿ ಹಕ್ಕಿ ಹಾದಿಯ ನಡುವೆಯೇ ಮೊಟ್ಟೆಯಿಟ್ಟು ಕೂತರೆ ಹದಿನಾರು ಜನ ಅದನ್ನು ಸುತ್ತುಬಳಸಿ ನಡೆಯಬೇಕು. ನಮ್ಮವರ ಸೆಲ್ಫಿ ಕೋಲು ಒಂದೂವರೆ ಮೀಟರ್ ಇತ್ತಂತೆ, ಉಳಿದ ಅರ್ಧ ಮೀಟರನ್ನು ಕೈಯ ಉದ್ದದಲ್ಲಿ ಹೊಂದಿಸಿಕೊಂಡರು.

ನಗುವುದು ಸುಲಭ. ಆದರೆ ಈ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. ಮೊದಲು ಬಂದವರಿಗೆ ಗೈಡೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ದೈತ್ಯ ಆಮೆಗಳು ಅನ್ನ ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆಂದು ಗೊತ್ತಾದದ್ದೇ ತಡ, ತಿಮಿಂಗಿಲ ಬೇಟೆಯವರು ಅವನ್ನು ಜೀವಂತವಾಗಿ ಹಡಗಿನ ತಳದಲ್ಲಿ ಪೇರಿಸಿ ಒಯ್ದರು, ಹಸಿವಾದಾಗ ಒಂದೊಂದನ್ನೇ ಕೊಯ್ದರು. 1835ರಲ್ಲಿ ಇಪ್ಪತ್ತಾರರ ಚಾರ್ಲ್ಸ್ ಡಾರ್ವಿನ್ ಬಂದ. ಆಮೆಯ ಬೆನ್ನೇರಿ ಸವಾರಿ ಮಾಡಿದ, ಅದರ ಮಾಂಸ ತಿಂದ, ಕಡಲ ಇಗ್ವಾನಾವನ್ನು ಬಾಲ ಹಿಡಿದು ಮತ್ತೆ ಮತ್ತೆ ನೀರಿಗೆಸೆದ. ಅದು ಪ್ರತಿ ಸಲವೂ ಈಜಿ ಅವನಿದ್ದ ಕಡೆಗೇ ಮರಳಿತು. ಇವತ್ತು ಆ ಹುಡುಗ ಹಾಗೆ ಮಾಡಿದ್ದರೆ ಗೈಡು ಅವನನ್ನು ಮುಂದಿನ ದೋಣಿಗೇ ವಾಪಸು ಕಳಿಸುತ್ತಿದ್ದ, ವಿಕಾಸವಾದಕ್ಕೆ ನಾವು ಇನ್ನೊಬ್ಬರನ್ನು ಕಾಯಬೇಕಿತ್ತು.

1959ರಲ್ಲಿ ಈಕ್ವೆಡಾರ್ ಸರ್ಕಾರ ಈ ದ್ವೀಪಗಳನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಅದೇ ವರ್ಷ ಪಿಂಟಾ ದ್ವೀಪದಲ್ಲಿ ಮೀನುಗಾರರು ಮೂರು ಆಡು ಬಿಟ್ಟರು. ಘೋಷಣೆ ಕಾಗದದಲ್ಲಿ ಉಳಿಯಿತು, ಆಡುಗಳು ಸಾವಿರಗಟ್ಟಲೆಯಾಗಿ ದ್ವೀಪವನ್ನು ಬೋಳುಮಾಡಿದವು. 1971ರಲ್ಲಿ ಆ ಬೋಳಿನಲ್ಲಿ ಒಂದೇ ಒಂದು ಗಂಡಾಮೆ ಸಿಕ್ಕಿತು. ಲೋನ್ಸಮ್ ಜಾರ್ಜ್ ಎಂದು ಹೆಸರಿಟ್ಟರು, ನಲವತ್ತು ವರ್ಷ ಜೋಡಿ ಹುಡುಕಿದರು. 2012ರಲ್ಲಿ ಅದು ಸತ್ತಿತು, ತಳಿಯೂ ಮುಗಿಯಿತು. ಬೇರೆ ದ್ವೀಪಗಳಲ್ಲಿ ಆಡುಗಳನ್ನು ನಿರ್ಮೂಲ ಮಾಡಲು ಹೆಲಿಕಾಪ್ಟರಿನಿಂದ ಗುಂಡು ಹಾರಿಸಬೇಕಾಯಿತು. ಕೆಲವು ಆಡುಗಳ ಕೊರಳಿಗೆ ರೇಡಿಯೊ ಕಟ್ಟಿ ಬಿಟ್ಟರೆ ಅವು ಒಂಟಿತನ ತಾಳಲಾರದೆ ಬಂಧುಗಳನ್ನು ಹುಡುಕಿ ಹೊರಡುತ್ತಿದ್ದವು, ಹಿಂದೆಯೇ ಬಂದೂಕು. ಲಕ್ಷಕ್ಕೂ ಹೆಚ್ಚು ಆಡು ಸತ್ತವು. ಆಮೆಯ ಪರವಾಗಿ ನಡೆದ ಈ ಯುದ್ಧದ ಬಗ್ಗೆ ಷಡ್ಡಕರಿಗೆ ಗೊತ್ತಿರಲಿಲ್ಲ. ಅವರು ಸಸ್ಯಾಹಾರಿ, ಆದ್ದರಿಂದ ನಾನೂ ಹೆಚ್ಚು ಹೇಳಲಿಲ್ಲ.

ಅವರಿಗೆ ಹೇಳದೆ ಬಿಡಲಾಗದ ಇನ್ನೊಂದು ಸಂಗತಿಯಿತ್ತು. 2001ರ ಜನವರಿಯಲ್ಲಿ ಸ್ಯಾನ್ ಕ್ರಿಸ್ಟೊಬಲ್ ದ್ವೀಪದ ಬಳಿ ಜೆಸ್ಸಿಕಾ ಎಂಬ ಟ್ಯಾಂಕರ್ ನೆಲಕ್ಕೆ ಸಿಕ್ಕಿ ಎಣ್ಣೆ ಸೋರಿತು. ಅದರಲ್ಲಿದ್ದ ಎಣ್ಣೆಯ ಒಂದು ಭಾಗ ಬಂದಿದ್ದು ಪ್ರವಾಸಿ ಹಡಗಿಗಾಗಿ, ಅಂದರೆ ಆಮೆ ನೋಡಲು ಬಂದವರನ್ನು ದ್ವೀಪದಿಂದ ದ್ವೀಪಕ್ಕೆ ಸುತ್ತಾಡಿಸಲು.

"ನಮ್ಮ ಹಡಗಲ್ಲಿ ಶಾಂಪೂ ಕೂಡ ಬಯೋಡಿಗ್ರೇಡಬಲ್" ಎಂದು ಅವರು ಕೊಂಚ ಬಿಗಿಯಾಗಿಯೇ ಉತ್ತರಿಸಿದರು.

ದ್ವೀಪಗಳಲ್ಲಿ ವಾಸಿಸುವವರು ಸುಮಾರು 30 ಸಾವಿರ. ವರ್ಷಕ್ಕೆ ನೋಡಲು ಬರುವವರು ಮೂರು ಲಕ್ಷದ ಆಸುಪಾಸು. ಒತ್ತಡ ಜಾಸ್ತಿಯಾಯಿತೆಂದು 2024ರ ಆಗಸ್ಟ್‌ನಿಂದ ನಮ್ಮಂಥ ವಿದೇಶಿಯರ ಪ್ರವೇಶ ಶುಲ್ಕವನ್ನು 100 ಡಾಲರಿನಿಂದ 200ಕ್ಕೆ ಏರಿಸಿದ್ದಾರೆ. ಜನ ಬಂದು ಮಾಡುವ ಹಾನಿ ಸರಿಪಡಿಸಲು ದುಡ್ಡು ಬೇಕು, ದುಡ್ಡು ಬೇಕೆಂದರೆ ಜನ ಬರಬೇಕು. ಮನೆಯಲ್ಲೇ ಕೂತು ಆಮೆಗೆ ಉಪಕಾರ ಮಾಡುವ ಪ್ಯಾಕೇಜನ್ನು ಯಾವ ಏಜೆಂಟನೂ ಮಾರುವುದಿಲ್ಲ, ಅದರಲ್ಲಿ ಕಮಿಷನ್ ಗಿಟ್ಟುವುದಿಲ್ಲ. ಷಡ್ಡಕರು ಇಡೀ ಪ್ರವಾಸಕ್ಕೆ ಸುರಿದ ಲಕ್ಷಗಳಲ್ಲಿ ದುಬಾರಿ ಎನಿಸಿದ್ದು ಈ 200 ಡಾಲರ್ ಒಂದೇ. "ಬರೀ ಎಂಟ್ರೀಗೆ ಅಷ್ಟಾ ಭಾವ!"

ಮನೆ ತಲುಪಿದ ರಾತ್ರಿಯೇ ಫ್ಯಾಮಿಲಿ ಗ್ರೂಪಿನಲ್ಲಿ ಫೋಟೊ ಬಂತು: ಕಪ್ಪು ಲಾವಾ ಬಂಡೆ, ಅದರ ಮೇಲೆ ಇಗ್ವಾನಾಗಳು, ಸುತ್ತ ನರಪಿಳ್ಳೆಯಿಲ್ಲ. ಉಳಿದ ಹದಿನೈದು ಜನರನ್ನು ಬದಿಗೆ ನಿಲ್ಲಿಸಿ ತೆಗೆದದ್ದು. "ಮನುಷ್ಯ ಕೆಡಿಸದ ಕೊನೆಯ ಜಾಗ" ಎಂದು ಕೆಳಗೆ ಬರೆದಿದ್ದರು. ಚಿಕ್ಕಮ್ಮನ ಮಗ ಐದು ನಿಮಿಷದೊಳಗೆ ಏಜೆಂಟನ ನಂಬರ್ ಕೇಳಿದ. ಮೈಸೂರಿನ ಅತ್ತಿಗೆ, ಅಲ್ಲಿ ಅನ್ನ ಸಾರು ಸಿಗುತ್ತದೆಯೇ ಎಂದರು. ಹದಿನಾರು ಜನ ಸೇರಿದರೆ ಇಡೀ ಗೈಡೇ ನಮ್ಮವನಾಗುತ್ತಾನೆ, ಬೇರೆಯವರ ಕಾಟವಿರುವುದಿಲ್ಲ ಎಂದು ಷಡ್ಡಕರು ಲೆಕ್ಕ ಕೊಟ್ಟರು. ಇವತ್ತು ಬೆಳಿಗ್ಗೆಗೆ ಹದಿನಾಲ್ಕು ಹೆಸರು ಬಿದ್ದಿವೆ. ಹದಿನೈದು, ಹದಿನಾರನೆಯದನ್ನು ನನ್ನ ಹೆಂಡತಿ ನನ್ನನ್ನು ಕೇಳದೆ ಭರ್ತಿ ಮಾಡಿದ್ದಾಳೆ.