1984ರ ಕೋಲಾರದಲ್ಲಿ ಒಂದು ಸುತ್ತು

ಅಕ್ಕಾ, ಮಗನ ಆಟದ ಮೇಲೆ ಅಷ್ಟು ಕೋಪ ಬೇಡ. ಆ ಆಟದಲ್ಲಿ ಬಂದೂಕಿದೆ, ಹೊಡೆದಾಟ ಇದೆ, ಬೈಗುಳವೂ ಇದೆ. ಹದಿನೆಂಟು ತುಂಬದವರ ಕೈಗೆ ಕೊಡಬಾರದು ಅನ್ನೋದಕ್ಕೆ ನನ್ನದೂ ಹೂಂ. ಆದರೆ ನಿಮ್ಮವನು ಡಿಗ್ರಿ ಮುಗಿಸ್ತಿರೋ ಹುಡುಗ. ಅವನು ಆಡೋದನ್ನ ನಾನು ಪಕ್ಕದಲ್ಲಿ ಕೂತು ನೋಡಿದೀನಿ. ಆಟ ಕೊಟ್ಟ ಕೆಲಸವನ್ನೆಲ್ಲ ಬದಿಗಿಟ್ಟು, ಒಂದು ಕಾರು ಹತ್ತಿ, ರೇಡಿಯೊ ಹಾಕ್ಕೊಂಡು ಸಮುದ್ರದಂಡೆ ರಸ್ತೇಲಿ ಸುಮ್ಮನೆ ಹೋಗ್ತಿರ್ತಾನೆ. ಸಿಗ್ನಲ್ ಕೆಂಪಾದರೆ ನಿಲ್ಲಿಸ್ತಾನೆ, ಮಳೆ ಬಂದರೆ ನಿಧಾನ ಮಾಡ್ತಾನೆ. ಅವನಿಗೆ ಬೇಕಾಗಿರೋದು ಊರು ಸುತ್ತೋ ಸುಖ.

ಆಟದ ಹೆಸರು ‘ಗ್ರ್ಯಾಂಡ್ ಥೆಫ್ಟ್ ಆಟೊ: ವೈಸ್ ಸಿಟಿ ಸ್ಟೋರೀಸ್’. 2006ರ ಅಕ್ಟೋಬರಿನಲ್ಲಿ ಸೋನಿಯವರ ಪಿಎಸ್‌ಪಿ ಅನ್ನೋ ಕೈಯಲ್ಲಿ ಹಿಡಿದು ಆಡೋ ಯಂತ್ರಕ್ಕೆ ಅಂತ ಬಂತು. ಈಗಿನ ಹುಡುಗರು ಆ ಯಂತ್ರದ ಹಾಗೆ ನಡೆಯೋ ಎಮ್ಯುಲೇಟರ್ ಅನ್ನೋ ತಂತ್ರಾಂಶ ಹಾಕ್ಕೊಂಡು ಮೊಬೈಲಲ್ಲೇ ಆಡ್ತಾರೆ. ಕಥೆ ನಡೆಯೋದು 1984ರಲ್ಲಿ, ಅಮೆರಿಕದ ಮಯಾಮಿಯನ್ನ ನೋಡಿ ಕಟ್ಟಿದ ಊರಲ್ಲಿ. ನಾಯಕ ವಿಕ್ಟರ್ ವ್ಯಾನ್ಸ್, ಒಡಹುಟ್ಟಿದವನ ಕಾಯಿಲೆ ಖರ್ಚಿಗೆ ಅಂತ ಸೈನ್ಯ ಸೇರಿದವನು. ಮೇಲಧಿಕಾರಿ ಮಾಡಿಸಿದ ಕೆಟ್ಟ ಕೆಲಸದಿಂದ ಇವನ ನೌಕರಿ ಹೋಗತ್ತೆ. 2002ರಲ್ಲೇ ಬಂದಿದ್ದ ‘ವೈಸ್ ಸಿಟಿ’ ಆಟದ ಕಥೆ 1986ರದ್ದು. ಅದರ ಶುರುವಿನಲ್ಲೇ ಈ ವಿಕ್ಟರ್ ಸಾಯ್ತಾನೆ. ಅದನ್ನ ಮೊದಲು ಆಡಿದವರಿಗೆ ಇವನ ಗತಿ ಗೊತ್ತು. ಗೊತ್ತಿದ್ದೂ ಇವನ ಜೊತೆ ಊರು ಸುತ್ತುವಾಗ ಮನಸ್ಸಿಗೆ ಏನೋ ಸಂಕಟ ಆಗತ್ತೆ.

ಆ ಪಿಎಸ್‌ಪಿ ಯಂತ್ರದ ಮೆಮೊರಿ ಎಷ್ಟು ಅಂತೀರಿ? ಬರೀ 32 ಎಂಬಿ. ಇವತ್ತಿನ ಮೊಬೈಲಿನ ಹತ್ತು-ಹನ್ನೆರಡು ಫೋಟೊಗೆ ತುಂಬಿಹೋಗತ್ತೆ. ಅಷ್ಟರಲ್ಲಿ ಇಡೀ ಊರು ಹಿಡಿಸೋದು ಹೇಗೆ? ದೇವರ ಮೆರವಣಿಗೆಯಲ್ಲಿ ನಡೆಮಡಿ ಹಾಸ್ತಾರಲ್ಲ, ಹಾಗೇ. ಕಾರು ಮುಂದೆ ಹೋದಂತೆ ಮುಂದಿನ ಬೀದಿಯನ್ನ ಡಿಸ್ಕಿನಿಂದ ತಂದು ಹಾಸತ್ತೆ, ದಾಟಿ ಬಂದದ್ದನ್ನ ಹಿಂದಿನಿಂದ ತೆಗೆದುಬಿಡತ್ತೆ. ದೂರದ್ದು ಮಂಜಿನಲ್ಲಿ ಮಸುಕು. ಆಟ ಕಟ್ಟಿದ ತಂಡದವರ ಜಾಣ್ಮೆಗೆ ಕೈಮುಗೀಬೇಕು.

ನನಗೆ ಹೊಟ್ಟೆಯಲ್ಲಿ ಚುರುಕ್ ಅನ್ನೋದು ಇಷ್ಟಕ್ಕೆ: ಎಂದೂ ಕಾಣದ ಮಯಾಮಿಯ 1984 ನಮ್ಮ ಹುಡುಗನಿಗೆ ಗಲ್ಲಿಗಲ್ಲಿಯೂ ಗೊತ್ತು. ಕೋಲಾರದ 1984 ಯಾರು ತೋರಿಸಿದ್ದಾರೆ? ಒಂದು ಆಟಕ್ಕೆ ಬೇಕಾದ್ದೆಲ್ಲ ಇಲ್ಲೇ ಬಿದ್ದಿತ್ತಲ್ಲ. ಹಳೇ ಮದ್ರಾಸ್ ರಸ್ತೆ ಆಗ ಇಷ್ಟು ಅಗಲ ಇರಲಿಲ್ಲ. ಅಂಬಾಸಿಡರ್, ಪದ್ಮಿನಿ, ಬಜಾಜ್ ಚೇತಕ್, ಮೈಸೂರಿನ ಯೆಜ್ಡಿ. ಮಾಲೂರಿನ ಪಕ್ಕದ ಹೊಸೂರಿನಿಂದ 1980ರಲ್ಲಿ ಹೊರಟ ಟಿವಿಎಸ್ 50. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಣ್ಣಿಗೆ ಬಿದ್ದರೆ ಜನ ನಿಂತು ನೋಡೋ ಕಾಲ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆಗೆ ಹೋಗ್ತಿದ್ದದ್ದು ನ್ಯಾರೋಗೇಜ್ ರೈಲು. ಅದರ ಜೊತೆ ಟಿವಿಎಸ್‌ನಲ್ಲಿ ಪಂದ್ಯ ಕಟ್ಟೋದನ್ನ ಊಹಿಸ್ಕೊಳ್ಳಿ! ಮಾವಿನ ಕಾಲವಾದರೆ ಶ್ರೀನಿವಾಸಪುರದ ತೋತಾಪುರಿ ಲಾರಿ, ಉಳಿದ ದಿನ ಮಾಲೂರಿನ ಹೆಂಚಿನ ಲಾರಿ. ಆ ಕಡೆ ಕೆಜಿಎಫ್‌ನಲ್ಲಿ 3 ಕಿಲೋಮೀಟರಿಗೂ ಆಳದ ಚಿನ್ನದ ಗಣಿ. 2001ರ ಫೆಬ್ರವರಿ 28ಕ್ಕೆ ಮುಚ್ಚಿತು, 1984ರಲ್ಲಿ ಇನ್ನೂ ಜನ ಇಳಿದು ಹತ್ತುತ್ತಿದ್ದರು. ರೇಡಿಯೊ ಹಾಕಿದರೆ ಅದೇ ವರ್ಷದ ‘ಶ್ರಾವಣ ಬಂತು’ ಸಿನಿಮಾದ ಹಾಡು. ಆಟದಲ್ಲಿ ಸುಸ್ತಾದ ನಾಯಕ ಮುಳಬಾಗಿಲು ದೋಸೆ ತಿಂದರೆ ಮತ್ತೆ ಜೀವ ಬರಲಿ.

ಕಾರು ಕಳ್ಳರ ಕಥೆ ನಮಗೆ ಹೊಸದೂ ಅಲ್ಲ. ಶಂಕರ್‌ನಾಗ್ 1980ರಲ್ಲೇ ‘ಮಿಂಚಿನ ಓಟ’ ಸಿನಿಮಾ ತೆಗೆದರು. 2018ರಲ್ಲಿ ‘ಕೆಜಿಎಫ್’ ಬಂದಾಗ ನಮ್ಮ ಗಣಿಯ ಹಳೇ ಕಾಲವನ್ನ ದೇಶವೇ ಮುಗಿಬಿದ್ದು ನೋಡ್ತು. ಕಟ್ಟೋ ಕೈಗಳೂ ದೂರ ಇಲ್ಲ ಅಕ್ಕಾ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಲ್ಲಿ ಧ್ರುವ ಇಂಟರ್ಯಾಕ್ಟಿವ್ ಶುರು ಮಾಡಿದರು, ನಮ್ಮ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಅದೂ ಒಂದು. 2019ರಲ್ಲಿ ಅದನ್ನ ಕೊಂಡುಕೊಂಡವರು ಈ ಗ್ರ್ಯಾಂಡ್ ಥೆಫ್ಟ್ ಆಟೊ ಮಾಡೋ ರಾಕ್‌ಸ್ಟಾರ್‌ನವರೇ. ಪರದೇಶದ ಬೀದಿ, ಗೋಡೆ, ಕಾರುಗಳನ್ನ ತಿದ್ದಿ ತೀಡೋ ಕೆಲಸ ಇಲ್ಲಿಂದ ಬಸ್ಸಿನಲ್ಲಿ ಹೋಗಿಬರೋ ದೂರದಲ್ಲೇ ನಡೀತಿದೆ. ಅದೇ ಕೈ ಒಮ್ಮೆ ನಮ್ಮ ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳನ್ನ ಕಡೆಯಲಿ ಅನ್ನೋದು ನನ್ನ ಆಸೆ.

ಅದಕ್ಕೆ ಮೊದಲು ಬೇಕಾದ್ದು ನೆನಪು. ಭಾವನೋರು ಆ ಕಾಲದಲ್ಲಿ ಮಾಲೂರಿನಿಂದ ಹೆಂಚಿನ ಲಾರಿ ಓಡಿಸಿದವರು. ಹೆಂಚು ಒಡೀದ ಹಾಗೆ ಅಡಿಯಲ್ಲಿ ಎಷ್ಟು ಹುಲ್ಲು ಹಾಸಬೇಕು, ಯಾವ ಇಳಿಜಾರಲ್ಲಿ ಯಾವ ಗೇರು, ರಾತ್ರಿ ಟೀ ಎಲ್ಲಿ ಸಿಗ್ತಿತ್ತು, ಎಲ್ಲ ಅವರ ತಲೆಯಲ್ಲಿದೆ. ಇವತ್ತು ಊಟ ಆದಮೇಲೆ ಮಗನನ್ನ ಅವರ ಪಕ್ಕ ಕೂರಿಸಿ, ಅವನು ಕೇಳಿ ಕೇಳಿ ನಕ್ಷೆ ಬರ್ಕೊಳ್ಳಲಿ. ಶ್ರೀನಿವಾಸಪುರದ ರಸ್ತೆ ನನಗೆ ಚೆನ್ನಾಗಿ ಗೊತ್ತು, ಆ ಭಾಗ ಹೇಳೋಕೆ ನಾನೂ ಬರ್ತೀನಿ.